ಬಳೆಯಾಕಾರದಲ್ಲಿ ಸೀದ ದೋಸೆ

ಹೊಳೆನರಸೀಪುರದಿಂದ ವಾಪಸು ಬಂದ ಆ ಕರೆಂಟ್ ಒಲೆಯನ್ನು ಬಿಚ್ಚಿ ನೋಡಿದಾಗ ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಫ್ಯಾನು ತಿರುಗುತ್ತಿತ್ತು, ಗುಂಡಿಗಳು ಸರಿಯಾಗಿದ್ದವು, ಪಾತ್ರೆ ಇಟ್ಟರೆ ನೀರು ಕುದಿಯುತ್ತಿತ್ತು. ರಟ್ಟಿನ ಪೆಟ್ಟಿಗೆಯ ತಳದಲ್ಲಿ ಒಂದು ಚೀಟಿ ಸಿಕ್ಕಿತು. ಬೋರ್ಡಿನ ಮೇಲೆ ಬರೆದು ಪಳಗಿದ ಕೈಯ ದುಂಡಗಿನ ಅಕ್ಷರ, ಆದರೆ ಸಾಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. "ದೋಸೆ ಬಳೆಯ ಆಕಾರದಲ್ಲಿ ಸೀಯುತ್ತದೆ. ಬಳೆಯ ಒಳಗೂ ಹಸಿ, ಹೊರಗೂ ಹಸಿ. ದಯವಿಟ್ಟು ಸರಿಮಾಡಿ ಕಳಿಸಿ. ಹಣ ವಾಪಸು ಬೇಡ, ಒಲೆ ಬೇಕು."

ಒಲೆ ತಯಾರಿಸುವ ನಮ್ಮ ಕಾರ್ಖಾನೆಯ ಯಜಮಾನರು ಚೀಟಿಯನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು. "ನೋಡಮ್ಮ, ಒಲೆ ಚೆನ್ನಾಗೇ ಇದೆ. ನೀನೇ ಹೋಗಿ ಕೊಟ್ಟು, ಹೆಂಗೆ ಉಪಯೋಗಿಸಬೇಕು ಅಂತ ತಿಳಿಸಿ ಬಾ. ಹೆಂಗಸರಿಗೆ ಹೆಂಗಸರು ಹೇಳಿದ್ರೆ ಕೇಳ್ತಾರೆ."

ಯಜಮಾನರದು ಚನ್ನರಾಯಪಟ್ಟಣದಲ್ಲಿ ಎರಡು ತಲೆಮಾರಿನ ಪಾತ್ರೆ ಅಂಗಡಿ. ಜೈನರು, ಮಿತಭಾಷಿ, ಸಂಜೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕೆಂದು ದಿನಾ ಐದಕ್ಕೆಲ್ಲ ಹಾಸನದಿಂದ ಬಸ್ಸು ಹತ್ತುವವರು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಗ್ಯಾಸ್ ಸಿಲಿಂಡರಿಗೆ ಜನ ವಾರಗಟ್ಟಲೆ ಕಾಯುತ್ತಿದ್ದ ಕಾಲ. ಬೆಂಕಿಯಿಲ್ಲದ ಈ ಒಲೆ ಬಂದರೆ ಅದಕ್ಕೆ ಹೊಂದುವ ಪಾತ್ರೆಗಳೂ ಮಾರಾಟವಾಗುತ್ತವೆ ಎಂದು ಲೆಕ್ಕ ಹಾಕಿ, ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದಿದ್ದರು. ಸರ್ಕ್ಯೂಟು ಹೊರಗಿನಿಂದ ಬರುತ್ತಿತ್ತು. ಒಲೆಯ ಗಾಜಿನ ಕೆಳಗೆ ಕೂರುವ ತಾಮ್ರದ ಸುರುಳಿ ಸುತ್ತುವುದು ನನ್ನ ವಿಭಾಗ.

ನನಗಾಗ ಮೂವತ್ತೊಂದು. ಡಿಪ್ಲೊಮಾ ಮುಗಿಸಿದ ಮೇಲೆ ಐದು ಕಡೆ ಕೆಲಸಕ್ಕೆ ಸೇರಿ ಐದೂ ಬಿಟ್ಟಿದ್ದೆ. ಯಾರೂ ಓಡಿಸಿರಲಿಲ್ಲ. ಕೆಲಸ ಕೈಗೆ ಹತ್ತಿದ ಕೂಡಲೇ ಎದೆಯೊಳಗೆ ಏನೋ ತಳಮಳ ಶುರುವಾಗುತ್ತಿತ್ತು. ಅಲ್ಲಿ ಕೂತಿರುವುದೇ ತಪ್ಪು ಅನಿಸುತ್ತಿತ್ತು. ಹಳ್ಳಿಮೈಸೂರಿನಲ್ಲಿ ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಎಂಬತ್ತರ ದಶಕದ ಬೇಸಿಗೆಗಳಲ್ಲಿ ವೋಲ್ಟೇಜು ಬಿದ್ದು ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಸುಟ್ಟು ಅಲ್ಲಿಗೆ ಬರುತ್ತಿದ್ದವು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಅಪ್ಪನ ಪಕ್ಕ ಕೂತು ತಂತಿ ಸುತ್ತಿ ಬೆಳೆದವಳು ನಾನು. ಡಿಪ್ಲೊಮಾ ಆದ ಮೇಲೆ ಅಂಗಡಿ ನೋಡಿಕೋ ಎಂದರು. ನನ್ನಿಂದಾಗಲ್ಲ ಎಂದು ಹಾಸನಕ್ಕೆ ಬಂದುಬಿಟ್ಟೆ. ಅಪ್ಪ ಬೈಯಲಿಲ್ಲ. ಆಮೇಲಿಂದ ಊರಿಗೆ ಹೋದಾಗಲೆಲ್ಲ ಕೆಲಸದ ಮಾತು ಎತ್ತುವುದನ್ನು ಬಿಟ್ಟರು, ಅಷ್ಟೆ. ನಾನೂ ಹೋಗುವುದನ್ನು ಕಡಿಮೆ ಮಾಡಿದೆ.

ಹೊಳೆನರಸೀಪುರದ ಆ ಮನೆಯಲ್ಲಿ ಬಾಗಿಲು ತೆಗೆದವರು ಚೀಟಿ ಬರೆದವರ ಮಗಳು, ನಲವತ್ತೈದರ ಆಸುಪಾಸು, ಬ್ಯಾಂಕಿನ ಉದ್ಯೋಗಿ, ಬಾಚಣಿಗೆ ಇನ್ನೂ ಕೈಯಲ್ಲೇ ಇತ್ತು. "ಇದನ್ನ ತಗೊಂಡೇ ಹೋಗಿ ಅಂತ ಹೇಳೋಣ ಅಂತಿದ್ದೆ. ಅಮ್ಮ ನನಗೆ ಗೊತ್ತಿಲ್ಲದ ಹಾಗೆ ಚೀಟಿ ಇಟ್ಟಿದಾರೆ," ಎಂದರು.

ಒಳಗಿನಿಂದ ಧ್ವನಿ ಬಂತು. "ಚಪ್ಪಲಿ ಅಲ್ಲೇ ಬಿಟ್ಟು ಕಾಲು ತೊಳ್ಕೊಂಡು ಬಾಮ್ಮ. ಅಡಿಗೆಮನೆಗೇ ಬಾ."

ಅವರು ನಿವೃತ್ತ ಮಿಡ್ಲ್‌ಸ್ಕೂಲ್ ಟೀಚರು. ಎಪ್ಪತ್ತು ದಾಟಿತ್ತು. ಗ್ಲಕೋಮದಿಂದ ಒಂದು ಕಣ್ಣು ಪೂರ್ತಿ ಹೋಗಿ, ಇನ್ನೊಂದರಲ್ಲಿ ಬೆಳಕು ಕತ್ತಲೆಯಷ್ಟೇ ಉಳಿದಿತ್ತು. ಹಿಂದಿನ ವರ್ಷ ಗ್ಯಾಸ್ ಒಲೆಯ ಮುಂದೆ ಸೆರಗಿಗೆ ಬೆಂಕಿ ಹತ್ತಿ, ಮಗಳು ಓಡಿ ಬಂದು ಆರಿಸಿದ್ದರಂತೆ. ಅವತ್ತಿನಿಂದ ಅಡಿಗೆಮನೆ ಬಂದ್. ಬೆಂಕಿಯಿಲ್ಲದ ಒಲೆ ಬಂದಿದೆ ಎಂದು ರೇಡಿಯೋದಲ್ಲೋ ಎಲ್ಲೋ ಕೇಳಿ, ಹಟ ಹಿಡಿದು ತರಿಸಿಕೊಂಡಿದ್ದರು.

ನಾನು ಕಲಿತು ಬಂದದ್ದನ್ನೆಲ್ಲ ಒಪ್ಪಿಸಲು ಶುರು ಮಾಡಿದೆ. ಪಾತ್ರೆಯ ತಳ ಸಮನಾಗಿರಬೇಕು, ಕಾವು ಕಡಿಮೆ ಇಡಬೇಕು. ಟೀಚರಮ್ಮ ಮಾತು ತುಂಡರಿಸಿದರು. "ಸುಮ್ನೆ ನಿಂತ್ಕೊಂಡು ಕೇಳು." ತೆಳುವಾದ ಕಬ್ಬಿಣದ ಕಾವಲಿಯನ್ನು ಒಲೆಯ ಮೇಲಿಟ್ಟು, ಎಣ್ಣೆ ಸವರಿ, ಒಂದು ಹಿಡಿ ಸಾಸಿವೆಯನ್ನು ಕಾವಲಿಯ ತುಂಬ ಹರಡಿದರು. ಗುಂಡಿ ಒತ್ತಿದರು. ಸ್ವಲ್ಪ ಹೊತ್ತಿಗೆ ಸಾಸಿವೆ ಸಿಡಿಯತೊಡಗಿತು. ಅವರು ಸೌಟಿನ ತುದಿಯನ್ನು ಗಾಳಿಯಲ್ಲಿ ಸುತ್ತುತ್ತ, "ಇಲ್ಲಿ, ಇಲ್ಲಿ, ಇಲ್ಲಿ," ಎಂದು ತೋರಿಸಿದರು. ಬಗ್ಗಿ ನೋಡಿದೆ. ಸಿಡಿಯುತ್ತಿದ್ದ ಕಾಳುಗಳು ನಿಜಕ್ಕೂ ಒಂದು ಬಳೆಯ ಮೇಲೇ ಇದ್ದವು. ನಡುವಿನವು ಅಲ್ಲಾಡದೆ ಬಿದ್ದಿದ್ದವು, ಅಂಚಿನವೂ ಹಾಗೇ.

"ಈಗ ಹೇಳು, ನಾನು ಉಪಯೋಗಿಸೋದು ತಪ್ಪೋ, ನೀವು ಮಾಡಿರೋದು ತಪ್ಪೋ?"

ಮಗಳು ಬಾಗಿಲಲ್ಲಿ ನಿಂತು ಹೇಳಿದರು. "ನೋಡಿ, ನಾನು ಒಂಬತ್ತೂವರೆಗೆ ಹೊರಡ್ಬೇಕು. ಇವರು ಅರ್ಧ ಬೆಂದಿದ್ದು ತಿಂದು ಹೊಟ್ಟೆ ಕೆಡಿಸ್ಕೋತಾರೆ. ಮುಂದಿನ ತಿಂಗಳಿಂದ ಅಡಿಗೆಗೆ ಒಬ್ಬರನ್ನ ಗೊತ್ತು ಮಾಡ್ತಿದೀನಿ. ಅಷ್ಟರೊಳಗೆ ಆದ್ರೆ ಸರಿ, ಇಲ್ಲದಿದ್ರೆ ಇಲ್ಲ."

"ಅಡಿಗೆಯವರು ಬಂದ್ರೆ ನಾನು ಹಾಲ್‌ನಲ್ಲಿ ಕೂತ್ಕೊಂಡು ಏನು ಮಾಡ್ಲಿ? ಗೋಡೆ ನೋಡ್ಲಾ? ಅದೂ ಕಾಣಲ್ಲ," ಎಂದರು ಟೀಚರಮ್ಮ. ಮಗಳು ಬಾಚಣಿಗೆ ಹಿಡಿದು ಒಳಗೆ ಹೋದರು.

ವಾಪಸು ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಹಾಸನದವರೆಗೂ ಕಂಬಿ ಹಿಡಿದು ನಿಂತೇ ಬಂದೆ.

ಈ ಒಲೆಯಲ್ಲಿ ಬೆಂಕಿಯಿಲ್ಲ, ಕೆಂಪಗೆ ಕಾಯುವ ತಂತಿಯೂ ಇಲ್ಲ. ಗಾಜಿನ ಕೆಳಗೆ ಚಕ್ಕುಲಿಯ ಹಾಗೆ ಸುತ್ತಿದ ತಾಮ್ರದ ಸುರುಳಿ. ಅದರಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಓಡುವಾಗ, ಮೇಲಿಟ್ಟ ಕಬ್ಬಿಣದ ತಳದೊಳಗೇ ಕರೆಂಟು ಹುಟ್ಟಿ ತಳ ತಾನೇ ಕಾಯುತ್ತದೆ. ಇಷ್ಟು ನನಗೆ ಗೊತ್ತಿತ್ತು. ಎಲ್ಲಿ ಎಷ್ಟು ಕಾಯುತ್ತದೆ ಎಂದು ನೋಡುವ ಗೋಜಿಗೆ ಹೋಗಿರಲಿಲ್ಲ. ನೀರು ಕುದಿಸಿ ಪರೀಕ್ಷೆ ಮಾಡುತ್ತಿದ್ದೆವು. ನೀರು ಸುತ್ತಿ ಸುಳಿದು ಕಾವನ್ನು ತಾನೇ ಹಂಚಿಕೊಳ್ಳುವುದರಿಂದ ಹುಳುಕು ಕಾಣುತ್ತಲೇ ಇರಲಿಲ್ಲ.

ಮಾರನೆಯ ದಿನ ಶೆಡ್ಡಿನ ಎದುರಿನ ಎಸ್‌ಟಿಡಿ ಬೂತಿನಿಂದ ಫ್ಯಾಕ್ಸ್ ಮಶೀನಿನ ಒಂದು ರೋಲು ಕಾಗದ ತಂದೆ. ಬಿಸಿ ತಾಕಿದರೆ ಕಪ್ಪಾಗುವ ಕಾಗದ ಅದು. ದುಂಡಗೆ ಕತ್ತರಿಸಿ ತಣ್ಣನೆ ಕಾವಲಿಯ ಮೇಲೆ ಹಾಸಿ, ಮೇಲೊಂದು ಮರದ ಹಲಗೆ ಒತ್ತಿ, ಹತ್ತು ಎಣಿಸುವಷ್ಟು ಹೊತ್ತು ಒಲೆ ಹಚ್ಚಿ ಆರಿಸಿದೆ. ಕಾಗದ ಎತ್ತಿದರೆ ಅಚ್ಚು ಹಾಕಿದ ಹಾಗೆ ಕಪ್ಪು ಬಳೆ. ಒಲೆಯ ಬಿಸಿ ಅಳೆಯುವ ಸಣ್ಣ ಸೆನ್ಸರು ನಡುವಿನ ತೂತಿನಲ್ಲಿರುತ್ತದೆ. ಬಳೆ ಸೀಯುತ್ತಿದ್ದರೂ ಅದಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಯಜಮಾನರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ದಪ್ಪ ತಳದ ಕಾವಲಿ ಕೊಟ್ಟುಬಿಡೋಣ. ಬೀಡಿನದು, ಎರಕದ ಕಬ್ಬಿಣದ್ದು. ದಪ್ಪ ಇದ್ರೆ ಕಾವು ತಾನೇ ಹರಡುತ್ತೆ," ಎಂದರು. ಅವರ ಅಂಗಡಿಯಿಂದಲೇ ಒಂದು ಬೀಡಿನ ಕಾವಲಿ ಬಂತು. ಅದನ್ನು ಹೊತ್ತು ಮತ್ತೆ ಹೊಳೆನರಸೀಪುರಕ್ಕೆ ಹೋದೆ. ಟೀಚರಮ್ಮ ಎರಡೂ ಕೈಯಲ್ಲಿ ಎತ್ತಿ ನೋಡಿ ಹಾಗೇ ಕೆಳಗಿಟ್ಟರು. "ನನ್ನ ಮಣಿಕಟ್ಟು ನೋಡಿದೀಯಾ? ಇದು ಕಾಲ ಮೇಲೆ ಬಿದ್ರೆ ಕಣ್ಣಿನ ಜೊತೆ ಕಾಲೂ ಹೋಗುತ್ತೆ. ಒಲೆ ಸರಿಮಾಡು ಅಂದ್ರೆ ಕಾವಲಿ ತರ್ತೀಯಲ್ಲೇ."

ಅವತ್ತಿನಿಂದ ಸುರುಳಿಯ ಹುಚ್ಚು ಹಿಡಿಯಿತು. ಕೂದಲೆಳೆಯಂಥ ಹತ್ತಾರು ತಂತಿಗಳನ್ನು ಹೊಸೆದ ಹುರಿಯಿಂದ ನಮ್ಮ ಸುರುಳಿ ಸುತ್ತುತ್ತಿದ್ದೆವು, ಇಪ್ಪತ್ತಾರು ಸುತ್ತು, ಒಂದಕ್ಕೊಂದು ಅಂಟಿಕೊಂಡು. ಅಂಟಿಕೊಂಡದ್ದೇ ತಪ್ಪೇನೋ ಎಂದು ಎಲ್ಲ ಸುತ್ತುಗಳ ನಡುವೆ ಸಮನಾಗಿ ಸಂದು ಬಿಟ್ಟು ಸುತ್ತಿದೆ. ಬಳೆ ಸ್ವಲ್ಪ ಅಗಲವಾಯಿತೇ ಹೊರತು ಹೋಗಲಿಲ್ಲ. ಸುತ್ತು ಕಡಿಮೆ ಮಾಡಿ ನೋಡಿದೆ. ಕರೆಂಟು ಮಿತಿಮೀರಿ, ಅದನ್ನು ಸುರುಳಿಗೆ ಬಿಡುವ ಪವರ್ ಟ್ರಾನ್ಸಿಸ್ಟರು ಢಬ್ ಎಂದು ಸಿಡಿಯಿತು. ಮತ್ತೊಂದು ಹಾಕಿದೆ, ಅದೂ ಸಿಡಿಯಿತು. ಜೊತೆಗೆ ಕೆಲಸ ಮಾಡುತ್ತಿದ್ದ ಹೆಂಗಸರು ನಾನು ಸ್ವಿಚ್ಚಿನ ಹತ್ತಿರ ಹೋದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡತೊಡಗಿದರು.

ನಾನೂ ಒಳಗೆ ನಿಲ್ಲುತ್ತಿರಲಿಲ್ಲ. ಒಂದು ಸುರುಳಿ ಮುಗಿಸುವುದರೊಳಗೆ ಮೂರು ಸಲ ಗೇಟಿನವರೆಗೆ ಹೋಗಿ ಬರುತ್ತಿದ್ದೆ. ಟೀ ಅರ್ಧ ಕುಡಿದು ಲೋಟ ಎಲ್ಲಿಟ್ಟೆನೆಂದು ಹುಡುಕುತ್ತಿದ್ದೆ. ಊಟಕ್ಕೆ ಕೂತರೆ ತಟ್ಟೆಯ ಸಾರಿನಲ್ಲಿ ಬೆರಳಿನಿಂದ ವೃತ್ತ ಬರೆಯುತ್ತಿದ್ದೆ. ಈ ಕೆಲಸವನ್ನೂ ಬಿಟ್ಟುಬಿಡೋಣ ಎನ್ನುವ ಹಳೆಯ ತಳಮಳ ಎದ್ದಿತು. ಆದರೆ ಈ ಸಲ ಅದರ ಜೊತೆ ಇನ್ನೊಂದು ಸಂಕಟವೂ ಇತ್ತು. ಬಿಟ್ಟು ಹೋದರೆ ಹಾಲ್‌ನಲ್ಲಿ ಕೂತ ಟೀಚರಮ್ಮನೂ ನನ್ನ ಜೊತೆ ಬರುತ್ತಾರೆ ಅನಿಸುತ್ತಿತ್ತು.

ಮೂರನೆಯ ವಾರ ಯಜಮಾನರು ಕರೆದರು. ಜೋರು ಮಾಡುವವರಲ್ಲ. "ಬೇರೆ ಯಾರೂ ಈ ದೂರು ಕೊಟ್ಟಿಲ್ಲಮ್ಮ. ಒಬ್ಬರಿಗೋಸ್ಕರ ಎಷ್ಟು ದಿನ?"

"ಬೇರೆಯವರು ಹಾಲು ಕಾಯಿಸ್ತಾರೆ, ಅನ್ನ ಮಾಡ್ತಾರೆ ಸಾರ್. ದೋಸೆ ಗ್ಯಾಸ್ ಮೇಲೆ ಹುಯ್ಕೋತಾರೆ. ಅದಕ್ಕೇ ದೂರಿಲ್ಲ."

ಅವರು, "ನಮ್ಮನೇಲೂ ಗ್ಯಾಸ್ ಮೇಲೇ ಹುಯ್ಯೋದು," ಎಂದು ನಕ್ಕುಬಿಟ್ಟರು. "ಇನ್ನೊಂದು ವಾರ ನೋಡು."

ಆ ಭಾನುವಾರ ಏನನ್ನಿಸಿತೋ, ಚೀಲಕ್ಕೆ ಒಂದು ಸುರುಳಿ, ನಾಲ್ಕು ಫ್ಯಾಕ್ಸ್ ಕಾಗದ ಹಾಕಿಕೊಂಡು ಹಳ್ಳಿಮೈಸೂರಿಗೆ ಹೋದೆ. ಐದಾರು ತಿಂಗಳಾಗಿತ್ತು ಊರು ಕಂಡು. ಅಪ್ಪ ಅಂಗಡಿಯಲ್ಲೇ ಇದ್ದರು, ಮಣೆಯ ಮೇಲೆ ಕೂತು ಸಣ್ಣ ಮೋಟಾರೊಂದರ ಹಳೇ ತಂತಿ ಕೀಳುತ್ತಿದ್ದರು. "ಬಂದ್ಯಾ ಮಗಾ," ಎಂದು ಕಾಲಿನಿಂದಲೇ ಇನ್ನೊಂದು ಮಣೆ ನನ್ನತ್ತ ತಳ್ಳಿದರು.

ಕೆಲಸದ ಮಾತು ನಾನಾಗಿ ಎತ್ತಿದ್ದು ಅದೇ ಮೊದಲು. ಸುರುಳಿ, ಕಾಗದ ಎರಡೂ ಅವರ ಮುಂದಿಟ್ಟೆ. ಕಾವು ಎಲ್ಲಿ ಹುಟ್ಟುತ್ತದೆ, ಬಳೆ ಯಾಕೆ ಬೀಳುತ್ತದೆ ಎಂದು ನನಗೆ ತಿಳಿದಷ್ಟು ಹೇಳಿದೆ. ಸುರುಳಿಯ ನಟ್ಟನಡುವೆ ಸುತ್ತುಗಳ ಕಾಂತಬಲ ಒಂದನ್ನೊಂದು ಹೊಡೆದುಹಾಕುತ್ತದೆ, ಹೊರ ಅಂಚಿನಲ್ಲಿ ತೆಳುವಾಗುತ್ತದೆ, ಇವೆರಡರ ಮಧ್ಯೆ ಎಲ್ಲ ಸುತ್ತುಗಳ ಬಲವೂ ಒಟ್ಟಾಗಿ ಗುಡ್ಡೆ ಬೀಳುತ್ತದೆ. ಅಪ್ಪ ಸುರುಳಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲಾ ಸುತ್ತೂ ಒಂದೇ ಸಮ ಯಾಕವ್ವ ಆಕಿದ್ದೀಯ?"

"ಸರ್ಕ್ಯೂಟಿನ ಜೊತೆ ಬಂದ ಮಾದರಿ ಹಂಗೇ ಇತ್ತು."

"ಅಂಗಲ್ಲ ಕಣವ್ವ. ಈ ಮೋಟ್ರು ನೋಡು." ಬಿಚ್ಚುತ್ತಿದ್ದ ಮೋಟಾರಿನೊಳಕ್ಕೆ ಬೆರಳಿಟ್ಟರು. "ಒಳಗಿನ ಸುರುಳಿಗೆ ಕಮ್ಮಿ ಸುತ್ತು, ಅದರ ಆಚೇದಕ್ಕೆ ಒಸಿ ಜಾಸ್ತಿ, ಅದರಾಚೇದಕ್ಕೆ ಇನ್ನೂ ಜಾಸ್ತಿ. ಎಲ್ಲದಕ್ಕೂ ಒಂದೇ ಲೆಕ್ಕ ಆಕ್ಬುಟ್ರೆ ಬಲ ಒಂದ್ಕಡೆ ಗುಡ್ಡೆ ಬಿದ್ದು ಮೋಟ್ರು ಒದರ್ತದೆ. ನಿನಗೇ ಕಲ್ಸಿದ್ನಲ್ಲ, ಮರ್ತೋಯ್ತಾ? ಗುಡ್ಡೆ ಬೀಳೋ ಜಾಗ್ದಲ್ಲಿ ತಂತೀನೇ ಆಕ್ಬ್ಯಾಡ. ಬಿಟ್ಟುಬುಡು ಅಲ್ಲಿ."

ಎದ್ದು ನಿಂತೆ. ಮತ್ತೆ ಕೂತೆ. ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಇದೇ ಮಣೆಯ ಮೇಲೆ ಕೂತು ಸಣ್ಣ ಸುರುಳಿ, ದೊಡ್ಡ ಸುರುಳಿ ಎಂದು ಎಣಿಸುತ್ತ ಸುತ್ತಿದ್ದು ಕೈಗೆ ನೆನಪಿತ್ತು, ತಲೆ ಮರೆತಿತ್ತು. ಅಪ್ಪ ಹಳೇ ಹಲಗೆಯ ಮೇಲೆ ಮೊಳೆ ಹೊಡೆದು ಸುತ್ತಲು ಅಚ್ಚು ಮಾಡಿಕೊಟ್ಟರು. ಇಬ್ಬರೂ ಸೇರಿ ಅದೇ ಹುರಿಯನ್ನು ಬಿಚ್ಚಿ ಹೊಸದಾಗಿ ಸುತ್ತಿದೆವು. ಒಳಗೆ ಒಂಬತ್ತು ಸುತ್ತು, ಆಮೇಲೆ ಬೆರಳಗಲ ಖಾಲಿ ಜಾಗ, ಹೊರಗೆ ಹದಿನೇಳು. ಒಟ್ಟು ಅದೇ ಇಪ್ಪತ್ತಾರು. ಹೊರಡುವಾಗ ಅಪ್ಪ, "ಸರಿಯಾದ್ರೆ ವಾರ್ನಿಷ್‌ಗೆ ಅದ್ದಿ ಒಣಗ್ಸು. ತಂತಿ ಅಲ್ಲಾಡಬಾರ್ದು," ಎಂದರು. ಅಂಗಡಿಯ ಮಾತು ಅವತ್ತೂ ಎತ್ತಲಿಲ್ಲ.

ಸೋಮವಾರ ಹಾಕಿ ನೋಡಿದೆ. ಟ್ರಾನ್ಸಿಸ್ಟರು ಸಿಡಿಯಲಿಲ್ಲ. ಕಾಗದದ ಮೇಲೆ ಒಂದು ದಪ್ಪ ಬಳೆಯ ಬದಲು ಎರಡು ಮಸುಕು ಬಳೆ, ನಡುವೆ ಬೂದು ಬಣ್ಣ. ಹೊರಗಿನದು ಇನ್ನೂ ಪೇಲವವಾಗಿತ್ತು. ಸುರುಳಿಯ ಅಡಿಯಲ್ಲಿ ಚಕ್ರದ ಅರಗಳ ಹಾಗೆ ಕೂತು ಕಾಂತಬಲವನ್ನು ಮೇಲಕ್ಕೆ ತಿರುಗಿಸುವ ಕಪ್ಪು ಫೆರೈಟ್ ಪಟ್ಟಿಗಳನ್ನು ಸ್ವಲ್ಪ ಹೊರಕ್ಕೆ ಸರಿಸಿದೆ. ಗುರುವಾರದ ಹೊತ್ತಿಗೆ ಕಾಗದ ನಡುವೆ ಒಂದು ರೂಪಾಯಿಯಗಲದ ಬಿಳಿ ಬಿಟ್ಟು ಉಳಿದೆಡೆ ಒಂದೇ ಸಮ ಕಪ್ಪಾಯಿತು. ಆ ನಡುವಿನ ಬಿಳಿ ಯಾರು ಏನು ಮಾಡಿದರೂ ಹೋಗುವಂಥದಲ್ಲ. ಅಲ್ಲಿ ಕಾವು ಹುಟ್ಟುವುದಿಲ್ಲ, ಸುತ್ತಲಿಂದ ಹರಿದು ಬರಬೇಕು. ಅದೇ ಅಳತೆಯಲ್ಲಿ ಇನ್ನೊಂದು ಸುರುಳಿ ಸುತ್ತಿ, ಅಪ್ಪ ಹೇಳಿದಂತೆ ವಾರ್ನಿಷ್ ಹಾಕಿ ಒಣಗಿಸಿ, ಒಲೆಗೆ ಜೋಡಿಸಿದೆ. ಮೊದಲನೆಯದನ್ನು ಬಿಸಾಡಲು ಮನಸ್ಸಾಗದೆ ಸ್ಕ್ರೂಡ್ರೈವರಿನ ಜೊತೆ ಚೀಲಕ್ಕೆ ಹಾಕಿಕೊಂಡೆ.

ಭಾನುವಾರ ಹೊಳೆನರಸೀಪುರಕ್ಕೆ ಹೋದರೆ, ಅಡಿಗೆಯವರನ್ನು ಮಗಳು ಆಗಲೇ ಗೊತ್ತು ಮಾಡಿಯಾಗಿತ್ತು. ಮಾರನೆಯ ದಿನದಿಂದಲೇ ಬರುವವರಿದ್ದರು. ಟೀಚರಮ್ಮ ಹಾಲ್‌ನಲ್ಲಿ ಕುರ್ಚಿಯ ಮೇಲೆ ಕೈಕಟ್ಟಿ ಕೂತಿದ್ದರು. ನನ್ನ ಧ್ವನಿ ಕೇಳಿ ಎದ್ದವರು ನೇರ ಅಡಿಗೆಮನೆಗೆ ನಡೆದರು. ಹಿಟ್ಟು ರುಬ್ಬಿ ಇಟ್ಟಿದ್ದರು, ಯಾರ ಭರವಸೆಯ ಮೇಲೆ ರುಬ್ಬಿದ್ದರೋ.

ಮೊದಲ ದೋಸೆ ಕೆಟ್ಟಿತು. ಒಂದು ಬದಿ ಕೆಂಪು, ಇನ್ನೊಂದು ಬದಿ ಹಸಿಹಸಿ. ಎರಡನೆಯದೂ ಹಾಗೇ. ಮಗಳು ತಾಯಿಯ ಕಡೆ ತಿರುಗಿ, "ಸಾಕು ಬಿಡಮ್ಮ," ಎಂದರು.

ಟೀಚರಮ್ಮ ಕಾವಲಿಯನ್ನು ಅತ್ತಿತ್ತ ಸರಿಸುತ್ತ ಗಾಜಿನ ಹತ್ತಿರ ಕಿವಿ ತಂದರು. "ಇದು ಮಾತೇ ಆಡ್ತಾ ಇಲ್ವಲ್ಲೇ. ಮೊದಲು ಗುಂಯ್ ಅಂತಿತ್ತು. ಕಾವಲಿ ನಡುವೆ ಕೂತ್ರೆ ಒಂದು ಥರ, ಪಕ್ಕಕ್ಕೆ ಹೋದ್ರೆ ಇನ್ನೊಂದು ಥರ. ಅದನ್ನ ಕೇಳ್ಕೊಂಡೇ ನಾನು ಇಡ್ತಾ ಇದ್ದಿದ್ದು. ಈಗ ಎಲ್ಲಿಡಲಿ?"

ಆಗ ಅರ್ಥವಾಯಿತು. ವಾರ್ನಿಷ್ ಒಣಗಿ ತಂತಿಗಳು ಗಟ್ಟಿಯಾಗಿ ಕೂತಿದ್ದವು. ಸದ್ದು ಹೋಗಿದ್ದು ಒಳ್ಳೆಯದೆಂದು ಶೆಡ್ಡಿನಲ್ಲಿ ನಾವೆಲ್ಲ ಖುಷಿಪಟ್ಟಿದ್ದೆವು. ಕಣ್ಣಿದ್ದವರಿಗೆ ಅದು ಒಳ್ಳೆಯದೇ.

"ಹತ್ತು ನಿಮಿಷ ಕೊಡಿ ಮೇಡಂ," ಎಂದು ಅಡಿಗೆಮನೆಯ ನೆಲದ ಮೇಲೆ ಕೂತು ಒಲೆ ಬಿಚ್ಚಿದೆ. ವಾರ್ನಿಷ್ ಸುರುಳಿ ತೆಗೆದು, ಚೀಲದಲ್ಲಿದ್ದ, ಅಪ್ಪನ ಜೊತೆ ಸುತ್ತಿದ ಬೋಳು ಸುರುಳಿ ಹಾಕಿದೆ. ಅವಸರದಲ್ಲಿ ಒಂದು ಸ್ಕ್ರೂ ಬಿದ್ದು ಉರುಳಿ ಹೋಯಿತು. ಮಗಳೇ ಬಗ್ಗಿ, ಅಕ್ಕಿ ಡಬ್ಬದ ಹಿಂದಿನಿಂದ ಹುಡುಕಿ ಕೊಟ್ಟರು.

ಒಲೆ ಗುಂಯ್ ಎಂದಿತು. ಟೀಚರಮ್ಮ ಕಾವಲಿಯನ್ನು ಒಂದಿಷ್ಟು ಎಡಕ್ಕೆ, ಒಂದಿಷ್ಟು ಮುಂದಕ್ಕೆ ಸರಿಸಿ ನಿಲ್ಲಿಸಿದರು. ಸಾಸಿವೆ ಹಾಕಲಿಲ್ಲ, ನೇರ ಹಿಟ್ಟೇ ಹುಯ್ದರು. ಮಗುಚಿದಾಗ ದೋಸೆ ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣವಾಗಿತ್ತು, ನಡುವೆ ಒಂದು ಚುಕ್ಕೆಯಷ್ಟು ಮಾತ್ರ ಬೆಳ್ಳಗೆ. ಅವರು ಬೆರಳ ತುದಿಯಿಂದ ಮೇಲೆಲ್ಲ ಸವರಿ ನೋಡಿದರು. "ನಡುವೆ ಒಂಚೂರು ಮೆತ್ತಗಿದೆ," ಎಂದರು. "ಇರ್ಲಿ, ಅಷ್ಟು ನಾನು ಸಹಿಸ್ಕೋತೀನಿ."

ಮಗಳು ನಿಂತುಕೊಂಡೇ ಒಂದು ದೋಸೆ ತಿಂದರು. ತಟ್ಟೆ ಮತ್ತೆ ಮುಂದಕ್ಕೆ ಹಿಡಿದರು. ಎರಡನೆಯದು ಮುಗಿದ ಮೇಲೆ ಹೇಳಿದರು. "ಅಡಿಗೆಯವರಿಗೆ ನಾಳೆಯಿಂದ ಬರೋದು ಬೇಡ ಅಂತ ಹೇಳಿ ಕಳಿಸ್ತೀನಿ. ಆದ್ರೆ ನಾನಿಲ್ದಾಗ ಸಾರಿನ ಪಾತ್ರೆ ಎತ್ತಬೇಡಮ್ಮ."

"ಆಯ್ತು ಕಣೆ, ಎತ್ತಲ್ಲ," ಎಂದ ಟೀಚರಮ್ಮನ ಮುಖ ಒಲೆಯ ಕಡೆಗೇ ಇತ್ತು.

ಹೊಸ ಸುರುಳಿಯನ್ನು ಯಜಮಾನರು ಎಲ್ಲ ಒಲೆಗಳಿಗೂ ಹಾಕಿಸಿದರು. ವಾರ್ನಿಷ್ ಹಾಕಿಯೇ. ಒಂದೂವರೆ ವರ್ಷ ಚೆನ್ನಾಗಿ ಹೋಯಿತು. ಆಮೇಲೆ ಹೊರಗಿನಿಂದ ಅಗ್ಗದ ಒಲೆಗಳು ಬಂದು ಅಂಗಡಿಗಳಲ್ಲಿ ರಾಶಿ ಬಿದ್ದವು. ಅವುಗಳಲ್ಲಿ ಒಂದನ್ನು ಬಿಚ್ಚಿ ನೋಡಿದೆ. ಅಲ್ಲಿಯೂ ಸುರುಳಿ ಎರಡು ಭಾಗ, ನಡುವೆ ಖಾಲಿ ಜಾಗ. ನಾವು ಒಂದು ತಿಂಗಳು ಒದ್ದಾಡಿ ಕಂಡದ್ದು ಎಲ್ಲೋ ದೂರದಲ್ಲಿ ಯಾರಿಗೋ ಮೊದಲೇ ಗೊತ್ತಿತ್ತು. ಬೇಜಾರಾಯಿತು, ನಿಜ. ಅದಕ್ಕಿಂತ ಹೆಚ್ಚಾಗಿ, ನಾವು ತಪ್ಪು ದಾರಿ ಹಿಡಿದಿರಲಿಲ್ಲ ಎಂದು ಸಮಾಧಾನವಾಯಿತು. ಯಜಮಾನರು ಶೆಡ್ಡು ಖಾಲಿ ಮಾಡಿ, ಎಲ್ಲರಿಗೂ ಒಂದೊಂದು ಕುಕ್ಕರು ಕೊಟ್ಟು ಕೈಮುಗಿದು ಚನ್ನರಾಯಪಟ್ಟಣದ ಅಂಗಡಿಗೆ ಮರಳಿದರು.

ಟೀಚರಮ್ಮ ಇನ್ನೂ ನಾಲ್ಕು ವರ್ಷ ಆ ಒಲೆಯ ಮೇಲೆ ಅಡಿಗೆ ಮಾಡಿದರು. ಎರಡು ಸಲ ಫ್ಯಾನು ಕೆಟ್ಟಿತು. ಎರಡು ಸಲವೂ ನಾನೇ ಹೋಗಿ ಹಾಕಿ ಬಂದೆ. ಮೂರನೆಯ ಸಲ ಮಗಳು ಫೋನ್ ಮಾಡಿದ್ದು ಅವರು ಹೋದರೆಂದು ತಿಳಿಸಲು. ಹಿಂದಿನ ದಿನ ಬೆಳಿಗ್ಗೆ ಉಪ್ಪಿಟ್ಟು ಮಾಡಿದ್ದರಂತೆ.

ಅಷ್ಟರಲ್ಲಿ ನಾನು ಅರಕಲಗೂಡಿನ ಒಂದು ತರಬೇತಿ ಕೇಂದ್ರದಲ್ಲಿ ವೈಂಡಿಂಗ್ ಕಲಿಸುವ ಕೆಲಸಕ್ಕೆ ಸೇರಿದ್ದೆ. ಮಲ್ಲಿಪಟ್ಟಣದ ಕಡೆಯಿಂದ ಬರುವ ಹೆಣ್ಣುಮಕ್ಕಳೇ ಹೆಚ್ಚು. ಅಲ್ಲಿಯೂ ಕುರ್ಚಿಯ ಮೇಲೆ ಕೂರಲಾಗದೆ ಬೆಂಚುಗಳ ನಡುವೆ ಓಡಾಡುತ್ತಲೇ ಪಾಠ ಮಾಡುತ್ತಿದ್ದೆ. "ಮಿಸ್, ಒಂದ್ಕಡೆ ನಿಂತ್ಕಳಿ, ನಮಗೆ ಎಣಿಕೆ ತಪ್ತದೆ," ಎಂದು ಒಬ್ಬಳು ಒಂದು ದಿನ ಹೇಳಿಯೇಬಿಟ್ಟಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅವಳ ಪಕ್ಕದ ಬೆಂಚಿನ ಮೇಲೆ ಕೂತು, ಅವಳು ಎಲ್ಲಿಗೆ ಬಿಟ್ಟಿದ್ದಳೋ ಅಲ್ಲಿಂದ ಸುತ್ತು ಎಣಿಸತೊಡಗಿದೆ.